ಎಕ್ಸೆಲ್ ಇಲ್ಲದ ಮನೆ

ಬಸ್ಸಿನ ಹಿಂದಿನ ಗಾಲಿಯ ನಡುವೆ ಯಂಕಪ್ಪ ಕೈ ಹಾಕಿ ತಡವಿದ. ಬರೀ ತೂತು. ಗಾಲಿ ತಿರುಗಿಸುವ ಎಕ್ಸೆಲ್ ಇವತ್ತೂ ಕೂಡಿಸಿರಲಿಲ್ಲ.

“ಬಾಗಲಕೋಟಿಯಿಂದ ಬರಬೇಕ್ರಿ ಅಣ್ಣಾ,” ಅಂದ ಚಾಂದಸಾಬ, ತಲೆ ಎತ್ತದೆ. ಹುನಗುಂದದಲ್ಲಿ ಇಳಕಲ್ ರಸ್ತೆಗೆ ಅಂಟಿಕೊಂಡ ಗ್ಯಾರೇಜು ಅವನದು. ಈ ಮಾತನ್ನು ಅವನು ದಸರೆಗೂ ಹೇಳಿದ್ದ, ದೀಪಾವಳಿಗೂ ಹೇಳಿದ್ದ. ಎಕ್ಸೆಲ್ ಏನು ಬಾಣಂತನಕ್ಕೆ ತವರಿಗೆ ಹೋಗಿದೆಯೇ?

ಯಂಕಪ್ಪ ನೌಕರಿ ಪೂರ್ತಿ ಸರಕಾರಿ ಬಸ್ಸು ಓಡಿಸಿದ್ದು ಒಂದೇ ರಸ್ತೆಯಲ್ಲಿ. ಬಾಗಲಕೋಟೆಯಿಂದ ಇಳಕಲ್, ಇಳಕಲ್‌ದಿಂದ ಬಾಗಲಕೋಟೆ. ಗಾಣದ ಎತ್ತು ಸಹ ಅಷ್ಟು ತಿರುಗಿರಲಿಕ್ಕಿಲ್ಲ. ನಿವೃತ್ತಿಯಾದ ಮೇಲೆ ಹರಾಜಿನಲ್ಲಿ ಹಳೆ ಬಸ್ಸೊಂದನ್ನು ಹಿಡಿದು, ಸೀಟು ಕಿತ್ತು, ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ ಕೂಡಿಸಿ ಮನೆ ಮಾಡಿದ. ಹೆಂಡತಿ ಇಂದ್ರವ್ವನನ್ನು ಕೂರಿಸಿಕೊಂಡು ಕಾರವಾರದ ಸಮುದ್ರದ ತನಕ ಹೋಗಬೇಕು. ಸಾಯುವುದರೊಳಗೆ ಅವನಿಗೆ ಬೇಕಾದದ್ದು ಅಷ್ಟೇ.

ಮೊದಲ ಸವಾರಿಯಲ್ಲೇ ಬಾದಾಮಿ ದಾಟಿ ಚೊಳಚಗುಡ್ಡದ ತಿರುವಿನಲ್ಲಿ ಬಸ್ಸು ತಗ್ಗಿಗೆ ಇಳಿಯಿತು. ಎಕ್ಸೆಲ್ ಮುರಿಯಿತು. ಬ್ರೇಕ್ ಹತ್ತಲಿಲ್ಲ ಎಂದು ಯಂಕಪ್ಪ ಊರಿಗೆಲ್ಲ ಹೇಳಿದ. ಖರೆ ಸಂಗತಿ ಬೇರೆ ಇತ್ತು. ಹೊತ್ತು ಇಳಿದರೆ ಅವನ ಕಣ್ಣಿಗೆ ರಸ್ತೆಯೂ ಒಂದೇ, ಹೊಲವೂ ಒಂದೇ. ಕಣ್ಣಿನ ನರ ಒಣಗಿದೆ, ಆಪರೇಶನ್‌ಗೂ ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವನು ಹೊಟ್ಟೆಯಲ್ಲೇ ಇಟ್ಟುಕೊಂಡ. ಹೆಂಡತಿಗೂ ಹೇಳಲಿಲ್ಲ.

“ಬ್ರೇಕ್ ಬಿಚ್ಚಿ ನೋಡಿದೆನ್ರಿ,” ಚಾಂದಸಾಬ ಕೈ ಒರೆಸಿಕೊಳ್ಳುತ್ತ ಅಂದ. “ಲೈನರ್ ಹೊಸಾವು ಹಾಕೀನಿ. ಇನ್ನ ಬ್ರೇಕಿನ ಮ್ಯಾಲ ತಪ್ಪು ಹೊರಸಾಕ ಬರೂದಿಲ್ಲ.”

ಯಂಕಪ್ಪ ಕೆಮ್ಮಿ ಆಚೆ ತಿರುಗಿದ.

ಮನೆಯಲ್ಲೂ ಏನೋ ನಡೆದಿತ್ತು. ಇಂದ್ರವ್ವ ಟಂಟಂ ಆಟೋದಲ್ಲಿ ಸಂತೆಗೆ ಕಾಯಿಪಲ್ಲೆ ಒಯ್ದು ಮಾರುವವಳು. ಈಗ ಸಂತೆ ಬಿಟ್ಟು, ಮೊಣಕಾಲು ನೋವೆಂದು ಬಾಗಲಕೋಟೆಯ ವಿದ್ಯಾಗಿರಿಗೆ ಎಡತಾಕುತ್ತಿದ್ದಳು. ಮೊಣಕಾಲಿಗೆ ಹೋದವಳು ಭುಜ ಹಿಡಿದುಕೊಂಡು ಬರುತ್ತಿದ್ದಳು.

“ಅದೆಂಥಾ ದವಾಖಾನಿ?” ಎಂದು ಕೇಳಿದರೆ, “ನರ ಎಲ್ಲಾ ಒಂದಕ್ಕೊಂದು ಕೂಡಿರತಾವ್ರಿ” ಎಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿ ಪಿಸುಗುಡುವುದು ಕೇಳಿಸಿತು. “ಚಾಂದಸಾಬ, ನಾ ಹೇಳೂ ತನಕಾ ಗಾಡಿ ಬಿಡಬ್ಯಾಡ. ಇವರಿಗಿ ಗೊತ್ತಾಗೂದು ಬ್ಯಾಡ.”

ಮರುದಿನ ಚಾಂದಸಾಬ ನಮಾಜಿಗೆ ಹೋದ ಹೊತ್ತು ನೋಡಿ ಯಂಕಪ್ಪ ಗ್ಯಾರೇಜಿನ ಮೂಲೆ ಕೆದಕಿದ. ಗೋಣಿಚೀಲದಲ್ಲಿ ಸುತ್ತಿಟ್ಟ ಹೊಸ ಎಕ್ಸೆಲ್ ಕೈಗೆ ಹತ್ತಿತು. ಮೇಲೆ ಧೂಳು ಕೂತಿತ್ತು. ಬಂದು ಬಹಳ ದಿನವಾಗಿರಬೇಕು.

ಬಸ್ಸು ಹತ್ತಿದ. ಡ್ರೈವರ್ ಸೀಟು ಮುಂದಕ್ಕೆ ಸರಿದಿತ್ತು. ಅದರ ಮೇಲೊಂದು ದಪ್ಪ ದಿಂಬು. ಯಾವನೋ ಗಿಡ್ಡ ಗಿರಾಕಿ ಕೂತು, ಸ್ಟೇರಿಂಗ್ ಹಿಡಿದು, ಗೇರು ಆಡಿಸಿ ನೋಡಿ ಹೋಗಿದ್ದಾನೆ.

ಮಾರುತ್ತಿದ್ದಾಳೆ. ಯಂಕಪ್ಪನಿಗೆ ಸಿಟ್ಟಿಗಿಂತ ಅಳು ಹೆಚ್ಚು ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳುವುದು? ಮನೆಗೆ ಬಂದು ಒಳಗೂ ಹೊರಗೂ ಅಲೆದ. ಕೇಳಿಬಿಡಬೇಕೆಂದು ಬಾಯಿ ತೆರೆದ, ಮುಚ್ಚಿದ. ಕೇಳಿದರೆ ಕಣ್ಣಿನ ಮಾತು ಬರುತ್ತದೆ. ಆ ಮಾತು ಒಮ್ಮೆ ಹೊರಬಿದ್ದರೆ ಕಾರವಾರವೂ ಮುಗಿಯಿತು, ತಾನೂ ಮುಗಿದೆ ಎಂದು ಅವನಿಗೆ ಅಂಜಿಕೆ.

ಶುಕ್ರವಾರ ಮುಂಜಾನೆ ಇಂದ್ರವ್ವನೇ ಎಬ್ಬಿಸಿದಳು. “ಏಳ್ರಿ. ಗಾಡಿ ತಯಾರಾಗೇತಂತ.”

ಗ್ಯಾರೇಜಿನ ಮುಂದೆ ಬಸ್ಸು ತೊಳೆದು ನಿಲ್ಲಿಸಿದ್ದರು. ಗಾಜಿಗೆ ಸೇವಂತಿಗೆ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಯಂಕಪ್ಪ ಸುತ್ತ ಹುಡುಕಿದ. ಗಿಡ್ಡ ಮನುಷ್ಯ ಯಾರೂ ಕಾಣಲಿಲ್ಲ.

“ಗಿರಾಕಿ ಎಲ್ಲಿ?” ತಡೆಯದೆ ಕೇಳಿಯೇಬಿಟ್ಟ.

“ಯಾವ ಗಿರಾಕಿ?”

“ನನ್ನ ಮುಂದ ನಾಟಕ ಬ್ಯಾಡ. ನೀವಿಬ್ಬರೂ ಕೂಡಿ ಗಾಡಿ ಮಾರಾಕ ನಿಂತೀರಿ. ನನಗ ಗೊತ್ತೈತಿ.”

ಇಂದ್ರವ್ವ ಅವನ ಮುಖವನ್ನೇ ನೋಡಿದಳು. “ಮಾರೂ ಗಾಡಿಗಿ ಯಾರರ ಬುತ್ತಿ ಕಟ್ಟತಾರೇನ್ರಿ? ಒಳಗ ಹೋಗಿ ನೋಡ್ರಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲಾ ಇಟ್ಟೇನಿ. ಕಾರವಾರಕ್ಕ ಹೊಂಟೇವಿ.”

ಯಂಕಪ್ಪನಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಮರುಗಳಿಗೆಯೇ ಮತ್ತೆ ಹಾರಿತು. ಬ್ರೇಕು ಗಟ್ಟಿಯಾಗಿದೆ, ಎಕ್ಸೆಲ್ ಹೊಸದು. ಇನ್ನು ಹೇಳಲು ನೆವ ಒಂದೂ ಉಳಿದಿಲ್ಲ. ಈ ಕಣ್ಣು ಇಟ್ಟುಕೊಂಡು, ಬೆನ್ನ ಹಿಂದೆ ಇವಳನ್ನು ಕೂರಿಸಿಕೊಂಡು, ಹೊತ್ತು ಮುಳುಗುವಾಗ ಘಟ್ಟ ಇಳಿಯಬೇಕು. ಈಗಲಾದರೂ ಹೇಳಿಬಿಡಲೇ? ಡ್ರೈವರ್ ಬಾಗಿಲಿನತ್ತ ನಡೆದ.

“ತಡೀರಿ ಅಣ್ಣಾ, ಪೂಜಿ ಆಗಲಿ,” ಅಂದ ಚಾಂದಸಾಬ. “ವೈನಿ, ತರ್ರಿ ಆರತಿ.”

ಊರು ಬಿಡುವ ಗಾಡಿಗೆ ಡ್ರೈವರ್ ಸೀಟಿನಲ್ಲಿ ಕೂತು ಕೈಮುಗಿಯುವುದು, ಮನೆಯವರು ಎದುರು ನಿಂತು ಆರತಿ ಬೆಳಗುವುದು ಈ ಕಡೆಯ ಪದ್ಧತಿ. ಇಂದ್ರವ್ವ ದೀಪ ಹಚ್ಚಿ, ತಟ್ಟೆ ಹಿಡಿದು, ಬಾಗಿಲ ಹಿಡಿಕೆಗೆ ಕೈ ಹಾಕಿದ್ದ ಗಂಡನ ಹತ್ತಿರ ಬಂದಳು.

“ಹಿಡೀರಿ, ನೀವು ಬೆಳಗ್ರಿ,” ಎಂದು ಉರಿಯುವ ತಟ್ಟೆಯನ್ನು ಅವನ ಕೈಗಿಟ್ಟು, ಸೆರಗನ್ನು ನಡುವಿಗೆ ಬಿಗಿದು, ಇಂದ್ರವ್ವ ಡ್ರೈವರ್ ಸೀಟಿಗೆ ಹತ್ತಿ, ಆ ದಪ್ಪ ದಿಂಬಿನ ಮೇಲೆ ಕೂತು, ವಿದ್ಯಾಗಿರಿಯಲ್ಲಿ ಕಲಿತಂತೆ ಗೇರು ಆಡಿಸಿ ನೋಡಿ ಕೈಮುಗಿದಳು.