ಗೇರಿನ ಬಿಕ್ಕಳಿಕೆ

"ಮತ್ತೆ ಬಿಕ್ಕಳಿಸ್ತು ಕಣೋ," ಎನ್ನುತ್ತಾ ಅಬು ಗೈಥ್ ಬೈಕನ್ನು ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದರು.

ಮೆಕ್ಯಾನಿಕ್ ನಿದಾಲ್ ಸೊಂಟ ಹಿಡಿದುಕೊಂಡು ಎದ್ದ. ಗುರುವಾರದ ಸಂಜೆ, ಬಯಾದಿರ್ ಬೀದಿಯ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಎಳೆಯುತ್ತಿದ್ದವು. ಇದೇ ದೂರು ಹೊತ್ತು ಇದೇ ಬೈಕು ಬಂದದ್ದು ಇದು ಮೂರನೇ ಸಲ.

"ವೈರ್ ಬದಲಿಸಿದೆ, ಸೆನ್ಸರ್ ಬದಲಿಸಿದೆ. ಇನ್ನು ಬದಲಿಸೋಕೆ ಉಳಿದಿರೋದು ನೀವೊಬ್ರೇ, ಅಬು ಗೈಥ್."

"ಆ ಕೆಲಸಕ್ಕೆ ನನ್ನ ಹೆಂಡತಿ ಮದುವೆಯಾದಾಗಿಂದ ಕೈ ಹಾಕಿದಾಳೆ. ನಿನ್ನ ಕೈಲಾಗುತ್ತಾ ನೋಡು."

ತೊಂದರೆ ಇದ್ದದ್ದು ಕ್ವಿಕ್‌ಶಿಫ್ಟರಿನಲ್ಲಿ. ಕ್ಲಚ್ ಹಿಡಿಯದೆ ಗೇರ್ ಏರಿಸಲು ಇರುವ ಏರ್ಪಾಡು ಅದು. ಕಾಲು ಗೇರ್ ಲಿವರನ್ನು ಕೆಳಗಿನಿಂದ ಎತ್ತಿದ ಕೂಡಲೇ ಸೆನ್ಸರಿಗೆ ತಿಳಿಯುತ್ತದೆ. ಎಂಜಿನ್ನು ಒಂದು ಕ್ಷಣ ಉಸಿರು ಹಿಡಿಯುತ್ತದೆ, ಗೇರ್ ಬಿದ್ದೊಡನೆ ಬಿಡುತ್ತದೆ. ಈ ಬೈಕು ಮಾತ್ರ ಯಾರೂ ಕೇಳದೆಯೇ ಉಸಿರು ಹಿಡಿಯುತ್ತಿತ್ತು. ಕಳೆದ ಶುಕ್ರವಾರ ಮೃತ ಸಮುದ್ರಕ್ಕೆ ಇಳಿಯುವ ತಿರುವಿನಲ್ಲಿ ಹಾಗೇ ಆಗಿ, ಹಿಂದೆ ಬರುತ್ತಿದ್ದವನು ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. ನಾಳೆಯ ಸವಾರಿಯಿಂದ ಸಾಲಿನ ಕೊನೆಯಲ್ಲಿ ಬನ್ನಿ ಎಂದು ಶುಕ್ರವಾರಗಳಂದು ಜೊತೆಗೆ ಬೈಕು ಓಡಿಸುವ ಹುಡುಗರು ಹೇಳಿಬಿಟ್ಟಿದ್ದರು.

"ಆ ಹಾದಿ ತೋರಿಸಿದೋನೇ ನಾನು. ಈಗ ನಾನು ಅವರ ಹೊಗೆ ಕುಡಿಯುತ್ತಾ ಹೋಗ್ಬೇಕಂತೆ. ಇವತ್ತು ಸರಿಯಾಗದಿದ್ರೆ ಮಾರಿಬಿಡ್ತೀನಿ, ಅಲ್ಲಿಗೆ ಕಥೆ ಮುಗೀತು."

ಮಾರಿದರೆ ನಿಜಕ್ಕೂ ಮುಗಿಯುತ್ತದೆಂದು ನಿದಾಲನಿಗೆ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಅವರು ವಾರವಿಡೀ ಮನೆಯ ಪೈಜಾಮದಲ್ಲೇ ಇರುತ್ತಾರೆ. ಬೂಟು ಹಾಕುವುದು ಈ ಬೈಕಿಗಾಗಿ ಮಾತ್ರ.

ಅವನು ತಾನೇ ಹತ್ತಿ ಮುಖ್ಯರಸ್ತೆಯ ಎಂಟನೇ ವೃತ್ತದವರೆಗೂ ಹೋಗಿಬಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರುಗಳು ಬಿದ್ದವು.

"ಏನೂ ಇಲ್ಲ ಇದ್ರಲ್ಲಿ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಹತ್ತಿ ಕೂತ್ಕೊಳ್ಳಿ. ನೀವೇ ಓಡಿಸಿ, ನಾನು ನೋಡ್ತೀನಿ."

ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಸೆನ್ಸರಿನ ಮೇಲೆ ಬೀಳುವ ಒತ್ತಡ ಕಾಣುವಂತೆ ಫೋನನ್ನು ಜೋಡಿಸಿದ. ಅಬು ಗೈಥ್ ಎರಡನೇ ಗೇರಿಗೆ ಹಾಕಿದರು. ಚಕ್ರ ಗಾಳಿಯಲ್ಲಿ ತಿರುಗಿತು. ಪರದೆಯ ಮೇಲೆ ಸೊನ್ನೆಗೆ ಇಳಿದ ಅಂಕಿ ಅಲ್ಲಿ ನಿಲ್ಲದೆ ಮೆಲ್ಲಗೆ ಮೇಲೇರಿತು. ಎಂಜಿನ್ನು ಬಿಕ್ಕಳಿಸಿತು. ನಿದಾಲ್ ಬಗ್ಗಿ ನೋಡಿದ. ಬೂಟಿನ ಮೂತಿ ಲಿವರಿನ ಅಡಿಯಲ್ಲಿ ಸಿಕ್ಕಿಕೊಂಡು ಅದನ್ನು ಎತ್ತುತ್ತಿತ್ತು.

"ಲಿವರಿಂದ ಕಾಲು ತೆಗೀರಿ."

"ತೆಗ್ದಿದೀನಲ್ಲ."

"ಎಡಗಾಲು, ಅಬು ಗೈಥ್."

"ತೆಗ್ದಿದೀನಿ ಅಂದ್ನಲ್ಲೋ. ಕಿವಿಗೂ ಗ್ರೀಸ್ ಹಚ್ಕೊಂಡಿದೀಯಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಕಣ್ಣು ನೇರ ಮುಂದಿತ್ತು, ನಾಳೆಯ ರಸ್ತೆ ಗೋಡೆಯ ಮೇಲೆ ಕಾಣುತ್ತಿರುವಂತೆ. ಬೂಟು ಇದ್ದಲ್ಲೇ ಇತ್ತು. ಎಂಜಿನ್ನು ಇನ್ನೊಮ್ಮೆ ಬಿಕ್ಕಳಿಸಿತು.

ಫೋನು ನಿದಾಲನ ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಕ್ವಿಕ್‌ಶಿಫ್ಟರ್ ಆರಿಹೋಗುತ್ತದೆ. ಬಿಕ್ಕಳಿಕೆ ನಿಲ್ಲುತ್ತದೆ. ಮುದುಕರು ಹಳೆಯ ರೀತಿ ಕ್ಲಚ್ ಹಿಡಿದು ನಾಳೆ ಎಲ್ಲರಿಗಿಂತ ಮುಂದೆ ಇಳಿದುಹೋಗುತ್ತಾರೆ. ತಾನೂ ಬಾಗಿಲೆಳೆದು ಮನೆಗೆ ಹೋಗಿ ಮಲಗಬಹುದು. ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ತಂದೆ ನೆನಪಾದರು. ಸಕ್ಕರೆ ಕಾಯಿಲೆ ಇದ್ದ ಅವರು ಒಂದು ದಿನ ಮಸೀದಿಯಿಂದ ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು. ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಮನೆಯವರೆಲ್ಲ ನಕ್ಕಿದ್ದರು. ಮರುವರ್ಷ ಆ ಕಾಲು ಇರಲಿಲ್ಲ.

ಅವನು ಎಂಜಿನ್ನು ಆರಿಸಿದ.

"ಸಕ್ಕರೆ ಎಷ್ಟಿದೆ ಈಗ?"

"ಚಹಾಕ್ಕಾ? ಮೂರು ಚಮಚ."

"ರಕ್ತದಲ್ಲಿ."

"ಇದೆ ಸ್ವಲ್ಪ. ಯಾರಿಗಿಲ್ಲ ಈ ಊರಲ್ಲಿ? ಅದಕ್ಕೂ ಗೇರಿಗೂ ಏನೋ ಸಂಬಂಧ?"

"ಬೂಟು ಬಿಚ್ಚಿ."

ಅಬು ಗೈಥ್ ಗೊಣಗುತ್ತಾ ಇಳಿದು ಸ್ಟೂಲಿನ ಮೇಲೆ ಕೂತರು. ಬೂಟು ಸುಲಭವಾಗಿ ಬರಲಿಲ್ಲ. ನಿದಾಲ್ ಮಂಡಿಯೂರಿ ಎಳೆದ. ಬೂದು ಬಣ್ಣದ ಕಾಲ್ಚೀಲ ಅಂಗಾಲಿನ ಬಳಿ ಕಪ್ಪಾಗಿ, ಅಂಟಂಟಾಗಿತ್ತು. ಅದರ ನಡುವೆ ಒಂದು ನೀಲಿ ಮಣಿ. ಮಣಿ ಪೋಣಿಸಿದ್ದ ಪಿನ್ನು ಬಾಯಿ ಬಿಟ್ಟು, ಕಾಲ್ಚೀಲವನ್ನೂ ದಾಟಿ ಅಂಗಾಲಿನೊಳಗೆ ಇಳಿದಿತ್ತು.

ಇಬ್ಬರೂ ಅದನ್ನು ನೋಡಿದರು.

"ಉಮ್ಮು ಗೈಥಳ ಕೆಲಸ," ಎಂದು ಅಬು ಗೈಥ್ ಹೆಂಡತಿಯ ಹೆಸರು ಹೇಳಿದರು. "ಗಾಡಿ ಬಿಕ್ಕಳಿಸೋಕೆ ಶುರುವಾದಾಗ ಯಾರದ್ದೋ ಕಣ್ಣು ಬಿದ್ದಿದೆ, ದೃಷ್ಟಿಮಣಿ ಬೇಕೇ ಬೇಕು ಅಂತ ಹಟ ಹಿಡಿದ್ಲು. ಹೊರಗೆ ಕಾಣ್ಸಿದ್ರೆ ಹುಡುಗರು ನಗ್ತಾರೆ, ಬೂಟಿನೊಳಗೆ ಅಂಚಿಗೆ ಚುಚ್ಚು ಅಂದಿದ್ದೆ." ಆಮೇಲೆ ಅವರ ದನಿ ಇಳಿಯಿತು. "ಕಳಚ್ಕೊಂಡಿರ್ಬೇಕು."

"ಇಷ್ಟು ದಿನ ಇದರ ಮೇಲೇ ಓಡಾಡಿದ್ರಾ?"



ನಿದಾಲ್ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಣಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯತೊಡಗಿದ. ಅದು ತಡೆದು ತಡೆದು ಬಂತು. ಅವನು ಹಲ್ಲು ಕಚ್ಚಿದ, ಕಣ್ಣು ಕಿರಿದಾಯಿತು. ಅಬು ಗೈಥ್ ತಮ್ಮ ಕಾಲಿನ ಕಡೆ ನೋಡುತ್ತಿರಲಿಲ್ಲ. ಎಷ್ಟು ನೋಯುತ್ತಿದೆಯೆಂದು ತಿಳಿಯಲು ನಿದಾಲನ ಮುಖವನ್ನೇ ನೋಡುತ್ತಾ ಕೂತಿದ್ದರು.