ಸಣ್ಣ ಅಳತೆಯ ಹಸಿರು ಬಳೆ

ಮೊಮ್ಮಗಳಿಗೆ ಬಳೆ ಇಡಿಸುವಾಗ ಸಾಬೂನಿನ ನೊರೆಯ ವಾಸನೆ ಬಂದರೆ, ಬೆಂಗೇರಿಯ ಮನೆಯ ಒಂದು ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ಯುದ್ಧದ ಕಾಲ. ಕಾಕಾ ಪಲ್ಟಣದ ಜೊತೆ ಬರ್ಮಾಕ್ಕೆ ಹೋಗಿದ್ದರು. ದೀಪಾವಳಿಯಿಂದ ಅವರ ಕಾಗದ ಬಂದಿರಲಿಲ್ಲ. ಪಡಸಾಲೆಯಲ್ಲಿ ಬಳೆಗಾರ, ಕಾಕಾನ ಹೆಂಡತಿ ಕಾಕುವಿನ ಕೈ ಹಿಡಿದು ಕೂತಿದ್ದ. ನಾನು ಕಂಬಕ್ಕೆ ಒರಗಿ, ಮರುದಿನ ಸಾಲೆಯಲ್ಲಿ ಒಪ್ಪಿಸಬೇಕಿದ್ದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದು ಒಬ್ಬ ಪ್ರಸಿದ್ಧ ದಂಡನಾಯಕನ ಚರಿತ್ರೆ.

"ಎಂಟನೆಯ ವಯಸ್ಸಿಗೆ ಕುದುರೆ ಏರಿದನು. ಹದಿನಾರಕ್ಕೆ ಸೈನ್ಯ ಸೇರಿದನು. ನದಿಯ ದಂಡೆಯ ಕಾಳಗದಲ್ಲಿ ಎರಡು ಸಾವಿರ ಸಿಪಾಯಿಗಳನ್ನು ಕಳೆದುಕೊಂಡರೂ ಧೃತಿಗೆಡಲಿಲ್ಲ."

"ಆ ಸಿಪಾಯಿಗಳ ಹೆಸರು ಬರದಾರೇನು, ತಂಗೀ?" ಕಾಕು ಕೇಳಿದಳು.

ಹಾಳೆ ತಿರುವಿ ನೋಡಿದೆ. "ಇಲ್ಲ ಕಾಕು. ಅವನ ಕುದರಿ ಹೆಸರು ಐತಿ."

ಕಾಕು ಬಳೆಗಾರನ ಕಡೆ ತಿರುಗಿದಳು. "ಇವು ಸಡಲಾದ್ವು. ಇನ್ನೂ ಸಣ್ಣ ಅಳತಿವು ಇಡ್ರಿ."

"ಕೈ ನೋಯ್ತಾವ್ರಿ ತಾಯಿ. ಆಮ್ಯಾಲ ತಗ್ಯಾಕ ಬರೂದಿಲ್ಲ."

"ಬರಬಾರದು."

ಪಕ್ಕದಲ್ಲಿ ಕೂತಿದ್ದ ನಮ್ಮ ಅಜ್ಜಿ ಸಾಬೂನಿನ ನೀರಿನ ಬಟ್ಟಲನ್ನು ಬಳೆಗಾರನ ಮುಂದೆ ಸರಿಸಿದಳು. ಕಾಕುವಿನ ಕೈಗೆಣ್ಣುಗಳು ಕೆಂಪಾದವು. ಹಸಿರು ಬಳೆಗಳು ಒಂದೊಂದಾಗಿ ಏರಿ ಮಣಿಕಟ್ಟಿಗೆ ಬಿಗಿಯಾಗಿ ಕೂತವು.

ಮರುದಿನ ಸಾಲೆಯಲ್ಲಿ ಅಕ್ಕೋರ ಮುಂದೆ ನಿಂತು, "ಎರಡು ಸಾವಿರ ಸಿಪಾಯಿಗಳನ್ನು ಕಳೆದುಕೊಂಡರೂ" ಎನ್ನುವವರೆಗೆ ಎಲ್ಲೂ ತಡವರಿಸದೆ ಪಾಠ ಒಪ್ಪಿಸಿದೆ.

"ಹೂಂ, ಮುಂದ?" ಎಂದರು ಅಕ್ಕೋರು.

ಆ ವಾಕ್ಯದಲ್ಲಿ ಮುಂದೆ ಇದ್ದದ್ದು ಒಂದೇ ಮಾತು. ಅದು ನನಗೆ ನೆನಪಾಗಲಿಲ್ಲ.