ಮಡಿಸಿಟ್ಟ ವಾರಿಜ

“ಅನ್‌ಜಿಪ್ಪೇ ಇಲ್ದೆ ಹೆಂಡ್ತೀನ ಹ್ಯಾಗಪ್ಪಾ ಬಿಚ್ಚೋದು?” ಚಂದ್ರನ ಮೇಲಿನ ಠಾಣೆಯಲ್ಲಿ ಒಬ್ಬನೇ ಕೂತಿದ್ದ ಶ್ರೀಪಾದ ಗಟ್ಟಿಯಾಗಿ ಕೇಳಿದ.

ಅಲ್ಲಿಗೆ ಮನೆಗೊಬ್ಬರು ಮಾತ್ರ ದೇಹಸಮೇತ ಬರುತ್ತಿದ್ದರು. ಉಳಿದವರು ಕಂಪ್ರೆಸ್ ಆಗಿ, ಮಡಿಸಿಟ್ಟ ಕಂಪ್ಯೂಟರ್ ಕಡತಗಳಾಗಿ ಬರುತ್ತಿದ್ದರು. ಠಾಣೆಯ ಯುನಿಕ್ಸ್ ಯಂತ್ರಕ್ಕೆ ಅವನ್ನು ಬಿಚ್ಚುವ ಅನ್‌ಜಿಪ್ ತಂತ್ರಾಂಶವನ್ನು ಯಾರೂ ಹಾಕಿರಲಿಲ್ಲ. ಊರಲ್ಲಿ ಹೆಂಡತಿ ವಾರಿಜ ಷಟ್ಪದಿ ಓದಿದರೆ ಶ್ರೀಪಾದ ಅರ್ಥ ಹೇಳುತ್ತಿದ್ದ. ಇಲ್ಲಿ ಓದುವವರಿಲ್ಲದೆ ಅವನ ಬಾಯಿಯೇ ಕಟ್ಟಿಹೋಗಿತ್ತು.

ಇನ್‌ಸ್ಟಾಲ್ ಆಜ್ಞೆ ಕೊಟ್ಟು, ಭೂಮಿಯಿಂದ ಅನ್‌ಜಿಪ್ ಬಂದು ಕೂರುವವರೆಗೂ ಕೈಮುಗಿದು ಕಾದ. ಕಡತ ಬಿಚ್ಚಿಕೊಂಡಿತು.

“ವಾರಿಜಾ, ಒಂದೇ ಒಂದು ಪದ್ಯ ಓದೇ.”

“ಯಾಕ್ರೀ ಎಬ್ಬಿಸಿದ್ರಿ?” ಸ್ಪೀಕರಿನಿಂದ ಅವಳ ದನಿ ಬಂತು. “ಒಳಗೆ ಎಷ್ಟು ನೆಮ್ಮದಿಯಾಗಿತ್ತು! ಇಲ್ಲಿ ಮೈಯಿಲ್ಲ, ಕೈಯಿಲ್ಲ. ದಮ್ಮಯ್ಯ, ನನ್ನ ಮತ್ತೆ ಮಡಿಸಿಡಿ.”

ಶ್ರೀಪಾದ ಕೀಬೋರ್ಡನ್ನು ದೂರ ತಳ್ಳಿದ.

“ಆಗಲ್ಲ ಕಣೇ,” ಎಂದ. “ಮಡಿಸಲ್ಲ.”